ಹಂಸಲೇಖ: ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಸಿನಿಮಾದ ಗೀತರಚನೆಕಾರ, ಸಂಗೀತ ನಿರ್ದೇಶಕ ಹಂಸಲೇಖ ಅವರ ಬಗ್ಗೆ ಹೊಸ ಕೇಳುಗರೂ ಹಳೆ ಅಭಿಮಾನಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಸಂಗೀತ ಕಲಿತವನಲ್ಲ. ಟೇಪ್ ರೆಕಾರ್ಡರ್ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಹಾಡಿನ ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬೆಳೆದವನು. ಹಾಗಾಗಿ ಇಲ್ಲಿ ರಾಗದ ಮಾತಿಗಿಂತ ಪದದ ಮಾತು ಜಾಸ್ತಿ.

ಅವರ ನಿಜವಾದ ಹೆಸರೇನು? ಹಂಸಲೇಖ ಅನ್ನೋ ಹೆಸರು ಹೇಗೆ ಬಂತು?

ಹುಟ್ಟು ಹೆಸರು ಗಂಗರಾಜು. ತಂದೆಯ ಹೆಸರು ಗೋವಿಂದರಾಜು. ಹುಟ್ಟಿದ್ದು 1951ರ ಜೂನ್ 23ರಂದು. ಹೊಸ ಹೆಸರಿನ ಹಿಂದೆ ಒಂದು ಪೆನ್ನಿನ ಕಥೆ ಇದೆ. ಆ ಕಾಲದಲ್ಲಿ ಸ್ವಾನ್ ಅನ್ನೋ ಪೆನ್ನು ಸಿಗುತ್ತಿತ್ತು. ಅದರಲ್ಲೇ ಬರೆಯುತ್ತಿದ್ದರಂತೆ. ಸ್ವಾನ್ ಅಂದರೆ ಹಂಸ, ಪೆನ್ನು ಅಂದರೆ ಲೇಖನಿ. ಹಂಸ ಲೇಖನಿ ಹೋಗಿ ಹಂಸಲೇಖ ಆಯಿತು ಅಂತ ಹೇಳುತ್ತಾರೆ. ನನಗೆ ಈ ಕಥೆ ತುಂಬಾ ಇಷ್ಟ. ಸಂಗೀತ ನಿರ್ದೇಶಕರೊಬ್ಬರ ಹೆಸರಿನಲ್ಲಿ ವೀಣೆ, ಕೊಳಲು ಯಾವುದೂ ಇಲ್ಲ, ಪೆನ್ನು ಇದೆ. ಅವರ ಹಾಡುಗಳನ್ನು ಕೇಳುತ್ತಾ ಹೋದರೆ ಈ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ.

"ಪ್ರೇಮಲೋಕ"ವೇ ಅವರ ಮೊದಲ ಸಿನಿಮಾನಾ?

ಅಲ್ಲ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅವರ ಮೊದಲ ಸಿನಿಮಾ ಹಾಡು ಬಂದದ್ದು 1970ರ ದಶಕದ ಆರಂಭದಲ್ಲಿ, "ತ್ರಿವೇಣಿ" ಚಿತ್ರಕ್ಕೆ. ಹಾಡು "ನೀನಾ ಭಗವಂತ". ಸಂಗೀತ ಉಪೇಂದ್ರ ಕುಮಾರ್ ಅವರದು, ಪದಗಳು ಮಾತ್ರ ಇವರದು. ಆಗ ಇವರು ಇಪ್ಪತ್ತರ ಆಸುಪಾಸಿನ ಹುಡುಗ.

ಆ ಹಾಡನ್ನು ಇವತ್ತು ಕೇಳಿ ನೋಡಿ. ನೊಂದ ಜೀವ ಒಂದು ದೇವರನ್ನೇ ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತದೆ: ಜಗತ್ತಿಗೆ ಉಪಕಾರ ಮಾಡುವ ನೀನು ನನಗೆ ಮಾತ್ರ ಯಾಕೆ ಅಪಕಾರ ಮಾಡಿದೆ? "ಉಪಕರಿಸಿ", "ಅಪಕರಿಸಿ" ಅಂತ ಎರಡು ಪದ ಅಕ್ಕಪಕ್ಕ ಬರುತ್ತವೆ. ಬದಲಾಗಿರುವುದು ಮೊದಲ ಅಕ್ಷರ ಒಂದೇ. ಆ ಒಂದು ಅಕ್ಷರದಲ್ಲಿ ಇಡೀ ದೂರು ಬಂದುಬಿಟ್ಟಿದೆ. ಮುಂದೆ ನೂರಾರು ಹಾಡುಗಳಲ್ಲಿ ಅವರು ಮಾಡಿದ ಕೆಲಸದ ಬೀಜ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಆ ಹಾಡು ಜನರಿಗೆ ಹಿಡಿಸಿತು. ಆದರೆ ಸಿನಿಮಾದ ಬಾಗಿಲು ಪೂರ್ತಿ ತೆರೆಯಲಿಲ್ಲ. ಮುಂದಿನ ಹತ್ತು ಹನ್ನೆರಡು ವರ್ಷ ಅವರ ಬದುಕು ನಡೆದದ್ದು ನಾಟಕ ಮತ್ತು ಆರ್ಕೆಸ್ಟ್ರಾಗಳ ಲೋಕದಲ್ಲಿ. ಆಮೇಲೆ 1985ರಲ್ಲಿ "ನಾನು ನನ್ನ ಹೆಂಡ್ತಿ" ಬಂತು. ಸಂಗೀತ ಶಂಕರ್-ಗಣೇಶ್, ಹಾಡು ಬರೆದದ್ದು ಹಂಸಲೇಖ. "ಯಾರೇ ನೀನು ರೋಜಾ ಹೂವೇ" ಆ ಚಿತ್ರದ್ದೇ. ಆ ಚಿತ್ರದ ನಾಯಕ ರವಿಚಂದ್ರನ್. ಎರಡು ವರ್ಷದ ನಂತರ ಅದೇ ರವಿಚಂದ್ರನ್ ತಾವೇ ನಿರ್ದೇಶನಕ್ಕೆ ಇಳಿದಾಗ ಸಾಹಿತ್ಯ, ಸಂಗೀತ ಎರಡನ್ನೂ ಇವರ ಕೈಗೆ ಕೊಟ್ಟರು.

"ಪ್ರೇಮಲೋಕ"ದಲ್ಲಿ ಅಂಥದ್ದೇನಿತ್ತು?

1987ಕ್ಕೆ ಮೊದಲು ಕನ್ನಡದಲ್ಲಿ ಒಳ್ಳೆ ಹಾಡು ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಎಂ. ರಂಗರಾವ್ ಅವರ ಕಾಲ ಅದು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಬರೆಯುತ್ತಿದ್ದರು. ಅವರ ಪದಗಳಲ್ಲಿ ತಂಪಿತ್ತು, ಗಾಂಭೀರ್ಯ ಇತ್ತು. ಆದರೆ ಕಾಲೇಜು ಹುಡುಗ ಹುಡುಗಿ ಮಾತಾಡುವ ಹಾಗೆ ಹಾಡು ಮಾತಾಡುತ್ತಿದ್ದದ್ದು ಕಡಿಮೆ.

"ಪ್ರೇಮಲೋಕ" ಅಲ್ಲೇ ಕೈ ಹಾಕಿತು. ಹತ್ತರ ಮೇಲೆ ಹಾಡುಗಳು. ಕಥೆಯ ಅರ್ಧ ಭಾಗ ಹಾಡಿನಲ್ಲೇ ನಡೆಯುತ್ತದೆ. ಜಗಳ ಹಾಡಿನಲ್ಲಿ, ರಾಜಿ ಹಾಡಿನಲ್ಲಿ, ಬುದ್ಧಿ ಹೇಳುವುದೂ ಹಾಡಿನಲ್ಲಿ. "ನೋಡಮ್ಮ ಹುಡುಗಿ" ಅನ್ನೋ ಶುರುವನ್ನೇ ತೆಗೆದುಕೊಳ್ಳಿ. ಪ್ರೇಮಗೀತೆ ಅಂದರೆ ಚೆಲುವೆ, ನಲ್ಲೆ, ಪ್ರಿಯೆ ಅಂತ ಶುರುವಾಗುತ್ತಿದ್ದ ಕಾಲದಲ್ಲಿ ಇಲ್ಲಿ "ನೋಡಮ್ಮ" ಅಂತ ಕರೆಯುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್, ಅಂಗಡಿಯಲ್ಲಿ ಶೆಟ್ಟರು, ಮನೆಯಲ್ಲಿ ಅಜ್ಜ ಕರೆಯುವ ಹಾಗೆ. ಆ "ಅಮ್ಮ"ದಲ್ಲಿ ಸ್ವಲ್ಪ ಸಲಿಗೆ, ಸ್ವಲ್ಪ ಗದರಿಕೆ, ಸ್ವಲ್ಪ ಅಕ್ಕರೆ ಎಲ್ಲ ಇದೆ. ಕನ್ನಡ ಗೊತ್ತಿರುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಅದು ಕ್ಯಾಸೆಟ್ ಕಾಲವೂ ಹೌದು. ಲಹರಿ ಸಂಸ್ಥೆ ಹೊರತಂದ "ಪ್ರೇಮಲೋಕ" ಕ್ಯಾಸೆಟ್ಟು ಊರೂರಿನ ಹೋಟೆಲು, ಕಟಿಂಗ್ ಶಾಪು, ಮದುವೆ ಮನೆ ಎಲ್ಲ ಕಡೆ ಕೂತಿತು. ನಮ್ಮ ಮನೆಯ ಕ್ಯಾಸೆಟ್ಟಿನ ಟೇಪು ಎರಡು ಸಲ ಹೊರಗೆ ಬಂದಿತ್ತು. ಪೆನ್ಸಿಲ್ ತೂರಿಸಿ ತಿರುಗಿಸಿ ಒಳಗೆ ಸುತ್ತಿದ್ದು ನನಗೆ ಇನ್ನೂ ನೆನಪಿದೆ. ಅದೇ ಜಾಗದಲ್ಲಿ ಹಾಡು ಚೂರು ನಡುಗುತ್ತಿತ್ತು. ಈಗ ಶುದ್ಧವಾಗಿ ಕೇಳಿದರೂ ಆ ಜಾಗ ಬಂದಾಗ ಕಿವಿ ಆ ನಡುಕಕ್ಕೆ ಕಾಯುತ್ತದೆ.

ಸಾಹಿತ್ಯ, ಸಂಗೀತ ಎರಡೂ ಒಬ್ಬರೇ ಮಾಡಿದರೆ ಏನು ವ್ಯತ್ಯಾಸ?

ನನ್ನ ಪ್ರಕಾರ ಹಂಸಲೇಖ ಅವರನ್ನು ಅರ್ಥ ಮಾಡಿಕೊಳ್ಳಲು ಇದೇ ಮುಖ್ಯ ಪ್ರಶ್ನೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸಿನಿಮಾದಲ್ಲಿ ಸಾಮಾನ್ಯವಾಗಿ ಮೊದಲು ಟ್ಯೂನ್ ಆಗುತ್ತದೆ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಮುಂದೆ ಕೂತು "ತನನ ತಾನ" ಅಂತ ಗುನುಗುತ್ತಾನೆ. ಬರೆಯುವವನು ಆ "ತನನ"ದ ಅಳತೆಗೆ ಪದ ಹುಡುಕುತ್ತಾನೆ. ಇದಕ್ಕೆ ಮೀಟರ್‌ಗೆ ಬರೆಯುವುದು ಅನ್ನುತ್ತಾರೆ. ಕನ್ನಡದಲ್ಲಿ ಇದು ಕಷ್ಟದ ಕೆಲಸ. ಯಾಕೆಂದರೆ ನಮ್ಮಲ್ಲಿ ಸ್ವರ ಎಳೆದರೆ ಅರ್ಥವೇ ಬದಲಾಗುತ್ತದೆ. "ಬಳೆ" ಎಳೆದರೆ "ಬಾಳೆ". "ಹಳೆ" ಎಳೆದರೆ "ಹಾಳೆ". ಟ್ಯೂನ್ ಎಳೆಯಬೇಕು ಅನ್ನುವ ಕಡೆ ಪದ ಎಳೆಯಬೇಡ ಅಂದರೆ ಯಾರು ಸೋಲಬೇಕು? ಇಬ್ಬರು ಬೇರೆ ಬೇರೆ ಆದಾಗ ಸಾಮಾನ್ಯವಾಗಿ ಸೋಲುವುದು ಪದ. ಟ್ಯೂನ್ ಆಗಲೇ ಓಕೆ ಆಗಿರುತ್ತದೆ, ವಾದ್ಯದವರು ಕಾಯುತ್ತಿರುತ್ತಾರೆ.

ಎರಡೂ ಒಬ್ಬರ ಕೈಯಲ್ಲೇ ಇದ್ದರೆ ಈ ಜಗಳ ಇಲ್ಲ. ಪದಕ್ಕೆ ಬೇಕಾದ ಕಡೆ ರಾಗ ಬಾಗುತ್ತದೆ, ರಾಗಕ್ಕೆ ಬೇಕಾದ ಕಡೆ ಇನ್ನೊಂದು ಪದ ಬರುತ್ತದೆ. ಹಂಸಲೇಖ ಹಾಡುಗಳಲ್ಲಿ ಮಾತಿನ ಏರಿಳಿತವೇ ರಾಗವಾಗಿರುವುದನ್ನು ಗಮನಿಸಿ. ಪ್ರಶ್ನೆ ಕೇಳುವ ಸಾಲಿನಲ್ಲಿ ದನಿ ಪ್ರಶ್ನೆ ಕೇಳುವ ಹಾಗೇ ಮೇಲೆ ಹೋಗುತ್ತದೆ. "ರಾಮಾಚಾರಿ"ಯ "ಯಾರಿವಳು ಯಾರಿವಳು" ಅನ್ನೋದನ್ನು ಸಂಗೀತ ಇಲ್ಲದೆ ಸುಮ್ನೆ ಬಾಯಲ್ಲಿ ಹೇಳಿ ನೋಡಿ. ಅರ್ಧ ಟ್ಯೂನ್ ಅದರಲ್ಲೇ ಬಂದಿರುತ್ತದೆ. ಸಂಗೀತ ಬಾರದ ನನ್ನಂಥವನೂ ಒಂದೇ ಸಲಕ್ಕೆ ಹಾಡಿಕೊಳ್ಳುವಂತೆ ಆಗುವುದು ಇದರಿಂದಲೇ ಅಂತ ನನ್ನ ನಂಬಿಕೆ.

ನಾಟಕದ ಅನುಭವವೂ ಇಲ್ಲಿ ಕೆಲಸ ಮಾಡಿದೆ. ರಂಗದ ಮೇಲೆ ಹಾಡು ಅಂದರೆ ಮಾತಿನ ಮುಂದುವರಿಕೆ. ಪಾತ್ರ ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಜಾರುತ್ತದೆ. ಅವರ ಸಿನಿಮಾ ಹಾಡುಗಳಲ್ಲೂ ನಡುನಡುವೆ ಮಾತು ಬರುತ್ತದೆ, ಗುಂಪು ಬಂದು ಕಾಲೆಳೆಯುತ್ತದೆ, ಒಬ್ಬರ ಸಾಲನ್ನು ಇನ್ನೊಬ್ಬರು ಕಿತ್ತುಕೊಂಡು ಮುಗಿಸುತ್ತಾರೆ.

"ಹುಟ್ಟಿದರೆ ಕನ್ನಡ ನಾಡಲ್ ಹುಟ್ಟಬೇಕು" ಬರೆದದ್ದೂ ಇವರೇನಾ?

ಹೌದು. ಬರೆದದ್ದೂ ಇವರೇ, ರಾಗ ಹಾಕಿದ್ದೂ ಇವರೇ. 1993ರ "ಆಕಸ್ಮಿಕ" ಚಿತ್ರ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ್ದು. ಹಾಡಿದ್ದು, ಅಭಿನಯಿಸಿದ್ದು ಡಾ. ರಾಜ್‌ಕುಮಾರ್. ಪ್ರತಿ ನವೆಂಬರ್‌ನಲ್ಲಿ ಆಟೋ ಸ್ಟ್ಯಾಂಡಿನಿಂದ ಹಿಡಿದು ಹೊರದೇಶದ ಕನ್ನಡ ಸಂಘದವರೆಗೆ ಈ ಹಾಡು ಮೊಳಗದ ಜಾಗ ಇಲ್ಲ.

ತುಂಬಾ ಸಲ ಕೇಳಿದ್ದರಿಂದಲೇ ನಾವು ಈ ಹಾಡನ್ನು ಸರಿಯಾಗಿ ಕೇಳುವುದನ್ನು ಬಿಟ್ಟಿದ್ದೇವೆ. ಮೊದಲ ಎರಡು ಸಾಲಿನ ಶುರು ನೋಡಿ: "ಹುಟ್ಟಿದರೆ", "ಮೆಟ್ಟಿದರೆ". ಎರಡರಲ್ಲೂ ಎರಡನೆಯ ಅಕ್ಷರ "ಟ್ಟಿ". ಸಾಲಿನ ಎರಡನೆಯ ಅಕ್ಷರ ಹೀಗೆ ಹೊಂದುವುದನ್ನು ನಮ್ಮ ಹಳೆಯ ಕಾವ್ಯದಲ್ಲಿ ಆದಿಪ್ರಾಸ ಅನ್ನುತ್ತಾರೆ. ಸಾವಿರ ವರ್ಷದ ಹಿಂದಿನ ಕನ್ನಡ ಕವಿಗಳೂ ಹಿಡಿದುಕೊಂಡು ಬಂದದ್ದು ಅದು. ಸ್ಕೂಲಿನಲ್ಲಿ ಛಂದಸ್ಸು ಅಂದರೆ ಓಡುತ್ತಿದ್ದ ನಾನು ಅದನ್ನೇ ಗಣೇಶನ ಪೆಂಡಾಲಿನಲ್ಲಿ ಗಂಟಲು ಕಿತ್ತುಹೋಗುವ ಹಾಗೆ ಹಾಡಿದ್ದೇನೆ, ಗೊತ್ತೇ ಇಲ್ಲದೆ.

ಇನ್ನೊಂದು ವಿಷಯ. ಹಾಡಿನಲ್ಲಿ ಬದುಕನ್ನು ಜಟಕಾ ಬಂಡಿ ಅಂತ ಕರೆದು, ಅದನ್ನು ಓಡಿಸುವುದು ವಿಧಿ ಅನ್ನುತ್ತಾರೆ. ಇದು ಡಿ.ವಿ.ಜಿ. ಅವರ ಕಗ್ಗದ ನೆನಪು. "ಬದುಕು ಜಟಕಾಬಂಡಿ, ವಿಧಿಯದರ ಸಾಹೇಬ" ಅನ್ನೋದು ಕನ್ನಡಿಗರಿಗೆಲ್ಲ ಗೊತ್ತಿರುವ ಸಾಲು. ತೆರೆಯ ಮೇಲೆ ರಾಜ್‌ಕುಮಾರ್ ಜಟಕಾ ಬಂಡಿ ಓಡಿಸುತ್ತಾ ಹಾಡುತ್ತಾರೆ. ಕಗ್ಗದ ಹೋಲಿಕೆ ಇಲ್ಲಿ ನಿಜವಾದ ಕುದುರೆ, ನಿಜವಾದ ಗಾಲಿ ಆಗಿ ಕಣ್ಣ ಮುಂದೆ ಓಡುತ್ತದೆ.

ಆ ಹಾಡಿನ ಮನಸ್ಸೂ ದೊಡ್ಡದು. ಕಾಶಿಗೆ ಹೋಗು, ಕಾಶ್ಮೀರ ನೋಡು, ಅಜಂತಾ ಎಲ್ಲೋರಾ ನೋಡು ಅನ್ನುತ್ತದೆ. ಅವನ್ನೆಲ್ಲ ನೋಡಿ ಬಂದು ಜೋಗದ ಮುಂದೆ ನಿಲ್ಲು, ಬಾದಾಮಿ ಐಹೊಳೆಯ ಚಂದ ತೂಗಿ ನೋಡು ಅನ್ನುತ್ತದೆ. ಬೇರೆಯವರನ್ನು ಬೈಯದೆ ನಮ್ಮದನ್ನು ಎತ್ತಿ ಹಿಡಿಯುವುದು ಸುಲಭ ಅಲ್ಲ. ಅದೇ ಚಿತ್ರದ "ಆಗುಂಬೆಯಾ ಪ್ರೇಮ ಸಂಜೆಯಾ", "ಬಾಳುವಂಥ ಹೂವೇ" ಹಾಡುಗಳನ್ನೂ ಬಿಡದೆ ಕೇಳಿ.

ರಾಷ್ಟ್ರಪ್ರಶಸ್ತಿ ಬಂದದ್ದು ಯಾವ ಚಿತ್ರಕ್ಕೆ?

1995ರ "ಗಾನಯೋಗಿ ಪಂಚಾಕ್ಷರಿ ಗವಾಯಿ". ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಜೀವನಕಥೆ. ನಿರ್ದೇಶನ ಚಿಂದೋಡಿ ಬಂಗಾರೇಶ್. ಹಾನಗಲ್ ಕುಮಾರಸ್ವಾಮಿಗಳ ಪಾತ್ರದಲ್ಲಿ ಗಿರೀಶ್ ಕಾರ್ನಾಡ್ ಇದ್ದರು. ಗವಾಯಿಗಳು ಕಣ್ಣು ಕಾಣದವರು. ಹಿಂದೂಸ್ತಾನಿ ಸಂಗೀತವನ್ನು ಉತ್ತರ ಕರ್ನಾಟಕದ ಹಳ್ಳಿಯ ಮಕ್ಕಳಿಗೆ, ಅದರಲ್ಲೂ ಅಂಧ ಮಕ್ಕಳಿಗೆ ಊಟ ಹಾಕಿ, ಜಾಗ ಕೊಟ್ಟು ಕಲಿಸಿದವರು. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು ಅವರ ಶಿಷ್ಯರು.

ಇಂಥ ಚಿತ್ರಕ್ಕೆ "ಪ್ರೇಮಲೋಕ"ದ ಸಂಗೀತ ನಿರ್ದೇಶಕರಾ ಅಂತ ಆಗ ಕೇಳಿದವರಿದ್ದರು. ಆ ಚಿತ್ರಕ್ಕೆ ಹಂಸಲೇಖ ಅವರಿಗೆ ಅತ್ಯುತ್ತಮ ಸಂಗೀತ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು. "ಉಮಂಡು ಘುಮಂಡು ಘನ ಗರಜೇ" ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಅತ್ಯುತ್ತಮ ಗಾಯಕ ಪ್ರಶಸ್ತಿ ಬಂತು. ಎಸ್‌ಪಿಬಿ ಶಾಸ್ತ್ರೀಯವಾಗಿ ಕಲಿತವರಲ್ಲ, ಅದನ್ನು ಅವರೇ ಎಲ್ಲ ಕಡೆ ಹೇಳುತ್ತಿದ್ದರು. ಅವರ ಬಾಯಲ್ಲಿ ಹಿಂದೂಸ್ತಾನಿ ತಾನುಗಳನ್ನು ಹಾಡಿಸಿದ್ದು ದೊಡ್ಡ ಧೈರ್ಯ. ಮೋಡ ಕವಿಯುವುದು, ಗುಡುಗುವುದು ಆ ದನಿಯಲ್ಲಿ ಕೇಳುತ್ತದೆ. ಈ ಹಾಡನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ.

ಜಾನಪದ ಅವರ ಸಂಗೀತದಲ್ಲಿ ಎಲ್ಲಿ ಕಾಣುತ್ತದೆ?

ಎಲ್ಲ ಕಡೆ, ಆದರೆ ತಮಟೆ ಡೊಳ್ಳು ಇದ್ದ ಕಡೆ ಮಾತ್ರ ಹುಡುಕಬೇಡಿ. ಅವರು ಲಾವಣಿ ನೀಲಕಂಠಪ್ಪನವರ ಗರಡಿಯಲ್ಲಿ ಬೆಳೆದವರು. ಲಾವಣಿಯಲ್ಲಿ ಪದ ಪದಕ್ಕೆ ಸವಾಲು ಹಾಕುತ್ತದೆ. ಒಬ್ಬರು ಎಸೆದ ಮಾತನ್ನು ಇನ್ನೊಬ್ಬರು ಅದೇ ಪ್ರಾಸದಲ್ಲಿ ಹಿಡಿದು ವಾಪಸ್ ಎಸೆಯಬೇಕು. ಹಂಸಲೇಖ ಅವರ ಯುಗಳ ಗೀತೆಗಳಲ್ಲಿ ಗಂಡು ಹೆಣ್ಣು ಮಾತು ಎಸೆದುಕೊಳ್ಳುವುದನ್ನು ಕೇಳಿದರೆ ಅದು ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಸಿಂಥಸೈಜರ್, ಎಲೆಕ್ಟ್ರಾನಿಕ್ ಡ್ರಮ್ ಮೇಲೆ ಇದ್ದರೂ ಕೆಳಗೆ ಲಾವಣಿಯ ನಡಿಗೆ. "ಹಳ್ಳಿ ಮೇಷ್ಟ್ರು" ಚಿತ್ರದ ಸಂಕ್ರಾಂತಿ ಹಾಡಿನಲ್ಲಂತೂ ಕಣದ ಧೂಳು, ಕಬ್ಬಿನ ಜಲ್ಲೆ ಎಲ್ಲ ಎದುರಿಗೆ ಬರುತ್ತದೆ.

ಮುಂದೆ ಅವರು ದೇಸಿ ಕಲೆಗಳನ್ನು ಕಲಿಸಲೆಂದೇ ದೇಸಿ ವಿದ್ಯಾಸಂಸ್ಥೆ ಕಟ್ಟಿದರು.

ಅವರ ಹಾಡುಗಳಲ್ಲಿ ದ್ವಂದ್ವಾರ್ಥ ಜಾಸ್ತಿ ಅಂತಾರಲ್ಲ?

ಆ ಮಾತು ಸುಳ್ಳಲ್ಲ. "ಹಳ್ಳಿ ಮೇಷ್ಟ್ರು" ಚಿತ್ರದ ನುಗ್ಗೇಕಾಯಿ ಹಾಡು ಎಲ್ಲರಿಗೂ ಗೊತ್ತು. ಅಂಥವು ಇನ್ನೂ ಇವೆ. ಕೆಲವು ಹಾಡುಗಳನ್ನು ಮನೆಮಂದಿ ಜೊತೆ ಕೂತು ಕೇಳುವಾಗ ನನಗೂ ಮುಜುಗರ ಆಗಿದೆ. ಅಕ್ಕನ ಎದುರಿಗೆ ಟೇಪ್ ರೆಕಾರ್ಡರಿನ ದನಿ ತಗ್ಗಿಸಿದ್ದೂ ಉಂಟು. ಹಳ್ಳಿಯ ಸೋಬಾನೆ, ಬೀಗರ ಹಾಡುಗಳಲ್ಲಿ ಇದಕ್ಕಿಂತ ಖಾರ ಇದೆ ಅಂತ ಕೆಲವರು ವಾದಿಸುತ್ತಾರೆ. ಅದು ನಿಜ. ಆದರೆ ಬೀಗರ ಹಾಡು ಹೆಂಗಸರೇ ಹೆಂಗಸರಿಗಾಗಿ ಹಾಡಿದ್ದು. ಸಿನಿಮಾದಲ್ಲಿ ಅದೇ ಮಾತು ಹೆಣ್ಣನ್ನು ನೋಡುವ ಕಣ್ಣಾಗಿಬಿಡುತ್ತದೆ. ಈ ಎರಡೂ ಒಂದೇ ಅಂತ ನನಗೆ ಅನಿಸುವುದಿಲ್ಲ.

ವರ್ಷಕ್ಕೆ ಹತ್ತಾರು ಚಿತ್ರ ಮಾಡಿದ ಕಾಲದಲ್ಲಿ ಒಂದೇ ತರಹದ ತಾಳ, ಒಂದೇ ತರಹದ ಪ್ರಾಸ ಮತ್ತೆ ಮತ್ತೆ ಬಂದದ್ದೂ ಇದೆ. 300ಕ್ಕೂ ಹೆಚ್ಚು ಚಿತ್ರಗಳಲ್ಲಿ ಎಲ್ಲವೂ ಚಿನ್ನ ಅಂತ ಹೇಳಿದರೆ ನಿಜವಾದ ಚಿನ್ನಕ್ಕೇ ಅವಮಾನ.

ರವಿಚಂದ್ರನ್ ಜೊತೆ ಎಷ್ಟು ದಿನ ಕೆಲಸ ಮಾಡಿದರು?

"ಪ್ರೇಮಲೋಕ"ದಿಂದ ಶುರುವಾಗಿ 1990ರ ದಶಕದ ಕೊನೆಯವರೆಗೆ. "ರಣಧೀರ", "ಅಂಜದ ಗಂಡು", "ಯುಗಪುರುಷ", "ರಾಮಾಚಾರಿ", "ಶಾಂತಿ ಕ್ರಾಂತಿ", "ಪುಟ್ನಂಜ", "ಪ್ರೀತ್ಸೋದ್ ತಪ್ಪಾ", "ಯಾರೇ ನೀನು ಚೆಲುವೆ" ಹೀಗೆ. ಆಮೇಲೆ ರವಿಚಂದ್ರನ್ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಮಾಡತೊಡಗಿದರು. 2002ರ "ಏಕಾಂಗಿ" ಹಾಗೆ ಬಂದದ್ದು. ಅವರಿಬ್ಬರ ನಡುವೆ ಏನಾಯಿತು ಅಂತ ಅಭಿಮಾನಿಗಳು ತರಹೇವಾರಿ ಕಥೆ ಹೇಳುತ್ತಾರೆ. ಅವೆಲ್ಲ ನಮಗ್ಯಾಕೆ, ಹಾಡುಗಳಿವೆಯಲ್ಲ.

ಬೇರೆ ಭಾಷೆಯಲ್ಲಿ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ. 1988ರಲ್ಲಿ ಭಾರತಿರಾಜಾ ನಿರ್ದೇಶನದ, ರಜನಿಕಾಂತ್ ನಟಿಸಿದ ತಮಿಳಿನ "ಕೊಡಿ ಪರಕ್ಕುದು" ಚಿತ್ರಕ್ಕೆ ಸಂಗೀತ ಇವರದೇ. ಆದರೆ ಅಲ್ಲಿ ಇವರು ಬರೀ ಸಂಗೀತ ನಿರ್ದೇಶಕ, ಪೆನ್ನು ಬೇರೆಯವರ ಕೈಯಲ್ಲಿ. ಅರ್ಧ ಹಂಸಲೇಖ ಅಷ್ಟೇ.

1990ರ ದಶಕದ ಹಿಟ್ ಹಾಡುಗಳೆಲ್ಲ ಇವರದೇ ಅಲ್ವಾ?

ಅಲ್ಲ. ಈ ಗೊಂದಲ ಎಲ್ಲ ಕಡೆ ಇದೆ. "ಜೀವನ ಚೈತ್ರ" ಉಪೇಂದ್ರ ಕುಮಾರ್ ಅವರದು. "ಜನುಮದ ಜೋಡಿ" ವಿ. ಮನೋಹರ್ ಅವರದು. "ನಮ್ಮೂರ ಮಂದಾರ ಹೂವೇ" ಇಳಯರಾಜ ಅವರ ಸಂಗೀತ, ಕೆ. ಕಲ್ಯಾಣ್ ಅವರ ಪದ. ಒಳ್ಳೆ ಹಾಡು ಸಿಕ್ಕಿದ ಕೂಡಲೇ ಹಂಸಲೇಖ ಅಂತ ಬರೆದುಬಿಟ್ಟರೆ ಉಳಿದವರ ಬೆವರಿಗೆ ಬೆಲೆ ಇಲ್ಲದಂತಾಗುತ್ತದೆ. ಇನ್ನೊಂದು ಕಡೆ "ಓಂ" ಚಿತ್ರದ ಸಂಗೀತ ಇವರದು ಅಂದರೆ ಎಷ್ಟೋ ಜನ ಹೌದಾ ಅಂತ ಕಣ್ಣು ಬಿಡುತ್ತಾರೆ. ಲಾಂಗು ಮಚ್ಚಿನ ಆ ಚಿತ್ರದಲ್ಲಿ ರಾಜ್‌ಕುಮಾರ್ ದನಿಯಲ್ಲಿ "ಹೇ ದಿನಕರ" ಅನ್ನೋ ಬೆಳಗಿನ ಪ್ರಾರ್ಥನೆಯೂ ಇದೆ.

ಈಚೆಗೆ ಏನು ಮಾಡುತ್ತಿದ್ದಾರೆ?

ಜೀ ಕನ್ನಡದ "ಸರಿಗಮಪ" ಕಾರ್ಯಕ್ರಮದಲ್ಲಿ ಮಹಾಗುರುಗಳಾಗಿ ಹೊಸ ತಲೆಮಾರಿಗೆ ಪರಿಚಯ ಆದರು. ಹಾಡಿದ ಮಕ್ಕಳಿಗೆ ಪದದ ಅರ್ಥ ಬಿಡಿಸಿ ಹೇಳುವಾಗ ಅವರ ಮುಖ ನೋಡಬೇಕು. 2023ರ ಅಕ್ಟೋಬರ್ 15ರಂದು ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾ ಉದ್ಘಾಟನೆ ಮಾಡಿದ್ದೂ ಇವರೇ. ಪತ್ನಿ ಲತಾ ಹಂಸಲೇಖ ಕೂಡ ಹಿನ್ನೆಲೆ ಗಾಯಕಿ.

ನಾನು ಹೊಸಬ. ಯಾವ ಹಾಡಿನಿಂದ ಶುರು ಮಾಡಲಿ?

"ದೇವರು ಹೊಸೆದ ಪ್ರೇಮದ ದಾರ". 1990ರ "ಮುತ್ತಿನ ಹಾರ" ಚಿತ್ರದ್ದು. ರಾಜೇಂದ್ರ ಸಿಂಗ್ ಬಾಬು ನಿರ್ದೇಶನ, ವಿಷ್ಣುವರ್ಧನ್ ಮತ್ತು ಸುಹಾಸಿನಿ ಅಭಿನಯ. ಹಾಡಿದ್ದು ಎಂ. ಬಾಲಮುರಳಿಕೃಷ್ಣ. ಸೈನಿಕನ ಸಂಸಾರದ ಕಥೆ, ಕಣ್ಣೀರು ತಡೆಯಲಾಗದ ಕಥೆ.

ಮೊದಲ ಸಲ ಕೇಳುವಾಗ ಸುಮ್ನೆ ಕೇಳಿ. ಎರಡನೇ ಸಲ "ಹೊಸೆದ" ಅನ್ನೋ ಪದಕ್ಕೆ ಕಿವಿ ಕೊಡಿ. ನೇಯ್ದ ಅಂತ ಬರೆಯಬಹುದಿತ್ತು, ಹೆಣೆದ ಅಂತಲೂ ಬರೆಯಬಹುದಿತ್ತು. ಆದರೆ ಹೊಸೆಯುವುದೇ ಬೇರೆ. ನಮ್ಮಜ್ಜಿ ಸಂಜೆ ದೇವರ ಗೂಡಿನ ಮುಂದೆ ಕಾಲು ಚಾಚಿ ಕೂತು, ಹತ್ತಿಯನ್ನು ಅಂಗೈಯಲ್ಲಿ ಇಟ್ಟು ಬತ್ತಿ ಹೊಸೆಯುತ್ತಿದ್ದರು. ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು, ಮೆಲ್ಲಗೆ, ಎಳೆ ತುಂಡಾಗದ ಹಾಗೆ. ಜಾಸ್ತಿ ಒತ್ತಿದರೆ ಹರಿಯುತ್ತದೆ, ಕಡಿಮೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ದೇವರು ಪ್ರೀತಿಯ ದಾರವನ್ನು ಹಾಗೆ ಹೊಸೆದ ಅನ್ನುತ್ತಾರೆ ಹಂಸಲೇಖ. ಬಾಲಮುರಳಿ ಆ ಪದವನ್ನು ಹಾಡುವಾಗ ದನಿಯೂ ಹಾಗೇ ತೆಳ್ಳಗೆ ಸುತ್ತಿಕೊಂಡು ಹೋಗುತ್ತದೆ.